ಚರ್ಚಿನಲ್ಲಿ ಹರಕೆಯ ನಾಯಿ

ಎದುರಿಗೆ ದೇವರೇ ಬಂದು ನಿಂತರೂ ಇವಳು ಆಧಾರ್ ಕಾರ್ಡು ಕೇಳುತ್ತಾಳೆ ಎಂದು ನಮ್ಮ ಮನೆಯವರು ನನ್ನ ಬಗ್ಗೆ ಹೇಳುತ್ತಾರೆ. ಹೇಳಲಿ. ತಾಲ್ಲೂಕು ಕಚೇರಿಯಲ್ಲಿ ನಿವೃತ್ತಿಯಾಗುವವರೆಗೆ ಕೂತು ಎದ್ದವಳು ನಾನು. ಸತ್ತವರು ಸಹಿ ಹಾಕಿದ ಅರ್ಜಿ, ಒಂದೇ ಪೆನ್ನಿನಲ್ಲಿ ಒಂದೇ ಕೈ ಬರೆದ ಅಣ್ಣತಮ್ಮಂದಿರ ಒಪ್ಪಿಗೆ, ಹೊಸ ಕಾಗದವನ್ನು ಚಹಾ ನೀರಿನಲ್ಲಿ ಅದ್ದಿ ಹಳತು ಮಾಡಿದ ಪತ್ರ, ಎಲ್ಲವೂ ನನ್ನ ಮೇಜಿನ ಮೇಲೆ ಬಂದು ಹೋಗಿವೆ. ಹೀಗಾಗಿ ಯಾವುದನ್ನು ನೋಡಿದರೂ ಮೊದಲು ಅದರ ಬೆನ್ನು ತಿರುಗಿಸಿ ನೋಡುವ ಚಾಳಿ ಬಂದುಬಿಟ್ಟಿದೆ. ಈಗ ಕಚೇರಿ ಇಲ್ಲ, ಚಾಳಿ ಉಳಿದಿದೆ.

ಅದೇ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದವಳು ನನ್ನ ಗೆಳತಿ. ಮಲಯಾಳಂ ಮಾತಾಡುವ ಕ್ರಿಶ್ಚಿಯನ್ ಮನೆಯವಳು, ನನ್ನ ಹಿಂದೆಯೇ ನಿವೃತ್ತಿಯಾದವಳು. ಒಂದು ದಿನ ಫೋನು ಮಾಡಿ, ತಮ್ಮ ಚರ್ಚಿನಲ್ಲಿ ಮ್ಯೂಸಿಯಂ ಆಗಿದೆ, ಬಾ ತೋರಿಸುತ್ತೇನೆ ಅಂದಳು. ಬಿಟ್ಟಂಗಾಲದ ಕಡೆಯಿಂದ ಪೇಟೆಗೆ ಬರುವಾಗ ರಸ್ತೆಯಿಂದ ಸ್ವಲ್ಪ ಒಳಗೆ ಆ ಚರ್ಚು ಇದೆ. ಅದರ ಹಿಂದೆ ಪಾದ್ರಿಗಳು ಇರುತ್ತಿದ್ದ ಹಳೆಯ ಬಂಗಲೆ. ಬಾವಲಿಗಳ ವಾಸಸ್ಥಾನವಾಗಿದ್ದ ಆ ಬಂಗಲೆಗೆ ಸುಣ್ಣ ಬಳಿದು ಮ್ಯೂಸಿಯಂ ಮಾಡಿದ್ದರು.

"ಟಿಕೆಟ್ ಎಷ್ಟು?" ಎಂದೆ.

"ಟಿಕೆಟ್ ಇಲ್ಲ. ಚಹಾ ಕೂಡ ಕೊಡ್ತಾರೆ."

ನನಗೆ ಅಷ್ಟು ಸಾಕಾಯಿತು. ಬಿಟ್ಟಿಯಾಗಿ ತೋರಿಸಿ ಮೇಲೆ ಚಹಾ ಕೊಡುವವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದಾಯಿತಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾತಿ ನಾನಲ್ಲ, ಅವಳಿಗೇ ನೇರವಾಗಿ ಕೇಳಿದೆ. ನಿಮ್ಮವರಿಗೆ ನಮ್ಮಂಥವರನ್ನು ಕರೆದು ಏನು ಲಾಭ ಎಂದು.

"ಎನ್ಟೆ ದೈವಮೇ! ನಿನ್ನನ್ನು ತಗೊಂಡು ನಮ್ಮ ಚರ್ಚ್ ಎಂತ ಮಾಡುದು ಮಾರಾಯ್ತಿ? ಎರಡು ವಾರದಲ್ಲಿ ಪಾದ್ರಿಗೂ ಸಂಶಯ ಹಿಡಿಸಿಬಿಡ್ತೀಯ. ಸುಮ್ಮನೆ ಬಾ."

ಹೋದೆ. ಫಾದರ್ ಇನ್ನೂ ಚಿಕ್ಕ ಪ್ರಾಯದವರು, ಮಂಗಳೂರಿನ ಕಡೆಯವರು. ಬಾಗಿಲಲ್ಲೇ ನಿಂತು ನಗುತ್ತಾ ಕೈ ಮುಗಿದರು. ಅಷ್ಟೊಂದು ನಗುವ ಅಗತ್ಯ ಏನಿತ್ತೋ ಎಂದುಕೊಂಡೇ ನಾನೂ ಕೈ ಮುಗಿದೆ.

ಒಳಗೆ ಮೊದಲ ಕೋಣೆಯಲ್ಲಿ ಒಬ್ಬ ಮರದ ಸಂತ ನಿಂತಿದ್ದ. ಬಲಗೈಯ ಬೆರಳುಗಳನ್ನು ಗೆದ್ದಲು ತಿಂದಿತ್ತು. ಅವನ ಪಕ್ಕದಲ್ಲೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ತುಕ್ಕು ಹಿಡಿದ ತಗಡುಗಳನ್ನು ಬೆಸುಗೆ ಹಾಕಿ ಮಾಡಿದ ಶಿಲುಬೆ. ಇನ್ನೊಂದು ಗೋಡೆಯಲ್ಲಿ ಜರಿ ಹೊಲಿದ ಪೂಜೆಯ ನಿಲುವಂಗಿ, ಅದರ ಜೊತೆಗೆ ದೊಡ್ಡದೊಂದು ಚಿತ್ರ: ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಬಂದ ಹೆಂಗಸು ಕಾಫಿ ಗಿಡದ ಕೆಳಗೆ ಕೂತು ಮಗುವಿಗೆ ಹಾಲೂಡುತ್ತಿದ್ದಾಳೆ, ಸೊಂಟಕ್ಕೆ ಚೀಲ ಕಟ್ಟಿದ್ದು ಹಾಗೇ ಇದೆ, ತಲೆಯ ಹಿಂದೆ ತೆಳುವಾಗಿ ಒಂದು ಬೆಳಕಿನ ಬಳೆ. ಅದು ನನಗೆ ಹಿಡಿಸಿತು, ಹಿಡಿಸಿತು ಎಂದು ತೋರಿಸಿಕೊಳ್ಳಲಿಲ್ಲ. ಮತ್ತೊಂದು ಚಿತ್ರ ಪೂರಾ ಕಪ್ಪು. ಕರೆಂಟು ಹೋದದ್ದನ್ನು ಬರೆದಿದ್ದಾರಾ ಎಂದು ಗೆಳತಿಯನ್ನು ಕೇಳಿದೆ. ಅವಳು ನನ್ನ ತೋಳನ್ನು ಚಿವುಟಿದಳು.

ನನ್ನನ್ನು ಕೆಣಕಿದ್ದು ಇದ್ಯಾವುದೂ ಅಲ್ಲ. ಯಾವ ವಸ್ತುವಿನ ಕೆಳಗೂ ಅದು ಯಾವ ಕಾಲದ್ದು, ಯಾರು ಮಾಡಿದ್ದು, ಯಾರು ಕೊಟ್ಟದ್ದು ಎಂದು ಬರೆದಿರಲಿಲ್ಲ. ಮರ, ತಗಡು, ಬಟ್ಟೆ, ಬಣ್ಣ, ಇಷ್ಟೇ. ಹಳತು ಯಾವುದು ಹೊಸತು ಯಾವುದು ಎಂದು ಗೊತ್ತಾಗದ ಹಾಗೆ ಎಲ್ಲವನ್ನೂ ಬೇಕೆಂದೇ ಕಲಸಿಟ್ಟಿದ್ದರು. ತಾರೀಖು ಇಲ್ಲದ ಫೈಲನ್ನು ನಾನು ಜನ್ಮದಲ್ಲಿ ಮುಂದಿನ ಮೇಜಿಗೆ ಕಳಿಸಿದವಳಲ್ಲ.

"ಇದು ಹೀಗೇ ಯಾಕೆ?" ಎಂದು ಫಾದರನ್ನು ಹಿಡಿದು ನಿಲ್ಲಿಸಿದೆ.

"ಮೊದಲು ನೋಡಿ ಮೇಡಂ, ಆಯ್ತಾ? ಹಳತು ಅಂತ ಬರೆದ್ರೆ ಜನ ಕೈ ಮುಗಿದು ಮುಂದೆ ಹೋಗ್ತಾರೆ. ಹೊಸತು ಅಂತ ಬರೆದ್ರೆ ನಕ್ಕು ಮುಂದೆ ಹೋಗ್ತಾರೆ. ಎರಡರಲ್ಲೂ ಯಾರೂ ನೋಡುದೇ ಇಲ್ಲ ಮಾರ್ರೆ."

ಉತ್ತರ ಚೆನ್ನಾಗಿಯೇ ಇತ್ತು. ಚೆನ್ನಾಗಿ ಉತ್ತರ ಕೊಡುವವರ ಮೇಲೆ ನನಗೆ ಒಂದು ಕಣ್ಣು ಜಾಸ್ತಿಯೇ.

ಕೊನೆಯ ಕೋಣೆ ಸಣ್ಣದು, ಹಿಂದೆ ಪಾದ್ರಿಗಳ ಅಡುಗೆ ಸಾಮಾನು ಇಡುತ್ತಿದ್ದ ಜಾಗವಂತೆ. ಅಲ್ಲಿ ಕಿಟಕಿಯ ಕೆಳಗೆ ತಗ್ಗಾದ ಮರದ ಹಲಗೆ, ಅದರ ಮೇಲೆ ಗೋಣಿಚೀಲ ಹಾಸಿ ಏಳೆಂಟು ಮಣ್ಣಿನ ನಾಯಿಗಳನ್ನು ಕೂರಿಸಿದ್ದರು. ಒಂದಕ್ಕೆ ಬಾಲವಿಲ್ಲ, ಒಂದಕ್ಕೆ ಮೂತಿ ಮುರಿದಿದೆ, ಒಂದು ಕತ್ತೆತ್ತಿ ಯಾರನ್ನೋ ಕಾಯುವ ಹಾಗೆ ನೋಡುತ್ತಿದೆ. ನಾನು ಅಲ್ಲೇ ನಿಂತುಬಿಟ್ಟೆ.

ಇದು ಏಕೆ ಎಂದು ಹೇಳಬೇಕು. ನಮ್ಮ ಊರಿನ ಮೇಲುಗಡೆ ಅಯ್ಯಪ್ಪನ ದೇವರಕಾಡು ಇದೆ. ಅಯ್ಯಪ್ಪ ಬೇಟೆಯ ದೇವರು. ಕಷ್ಟ ಬಂದರೆ ನಮ್ಮಲ್ಲಿ ಜನ ಅವನಿಗೆ ಮಣ್ಣಿನ ನಾಯಿ ಹರಕೆ ಹೊರುತ್ತಾರೆ. ಒಪ್ಪಿಸಿದ ನಾಯಿ ಆ ಕಾಡಿನಲ್ಲೇ ಮಳೆಗೆ ನೆನೆದು, ಪಾಚಿ ಕಟ್ಟಿ, ನಿಧಾನಕ್ಕೆ ಮಣ್ಣಾಗಬೇಕು. ಹರಕೆಯ ನಾಯಿ ಮನೆಯ ಹೊಸ್ತಿಲು ದಾಟುವಂತಿಲ್ಲ, ಕುಂಬಾರನ ಮನೆಯಿಂದ ನೇರವಾಗಿ ಕಾಡಿಗೇ ಹೋಗಬೇಕು. ಹಾಗೆಯೇ ಆ ಕಾಡಿನೊಳಗೆ ಹೆಂಗಸರು ಹೋಗುವಂತಿಲ್ಲ. ದಾರಿಯಲ್ಲಿ ಒಂದು ಅಡ್ಡಗಲ್ಲು ಇದೆ, ನಾವು ಅಲ್ಲಿಗೆ ನಿಲ್ಲಬೇಕು. ಈ ಎರಡು ಕಟ್ಟಳೆಗಳ ನಡುವೆ ಸಿಕ್ಕಿಬಿದ್ದು ನಾನು ಹುಟ್ಟಿದಾಗಿನಿಂದ ಹರಕೆಯ ನಾಯಿಯ ಸುದ್ದಿ ಕೇಳುತ್ತಲೇ ಬೆಳೆದರೂ ಒಂದನ್ನೂ ಕಣ್ಣಾರೆ ನೋಡಿರಲಿಲ್ಲ. ಮೊದಲ ಸಲ ನೋಡಿದ್ದು ಚರ್ಚಿನಲ್ಲಿ.

ಅವುಗಳಲ್ಲಿ ಒಂದು ನನ್ನದೇ ಇರಬಹುದು ಎಂಬುದು ಇನ್ನೂ ಹೆಚ್ಚಿನ ಮಾತು. ನಾನು ಇಷ್ಟೇ ಇಷ್ಟು ಇದ್ದಾಗ ಪಿಕ್ಕಿಂಗ್ ನಡೆಯುತ್ತಿದ್ದ ಒಂದು ದಿನ ಎಸ್ಟೇಟಿನಲ್ಲಿ ಕಳೆದುಹೋಗಿದ್ದೆನಂತೆ. ಕೂಲಿಯವರ ಲೈನಿನ ಮನೆಗಳ ಜನವೆಲ್ಲ ಹುಡುಕಿದರೂ ಸಿಗಲಿಲ್ಲ. ಆನೆ ಓಡಾಡುವ ಜಾಗ. ಅವ್ವ ದೇವರಕಾಡಿನ ಕಡೆ ತಿರುಗಿ, ಮಗು ಸಿಕ್ಕಿದರೆ ನಾಯಿ ಒಪ್ಪಿಸುತ್ತೇನೆ ಎಂದು ಕೈ ಮುಗಿದಳಂತೆ. ಸಂಜೆಯಾಗುವ ಮೊದಲು ನಾನು ಕಿತ್ತಳೆ ಮರದ ಬುಡದಲ್ಲಿ ಮಲಗಿದ್ದವಳು ಸಿಕ್ಕಿದೆ. ಅಪ್ಪ ನಾಯಿಯನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ಕಾಡಿನೊಳಗೆ ಹೋದರು. ಅವ್ವ ನನ್ನನ್ನು ಸೊಂಟದಲ್ಲಿಟ್ಟುಕೊಂಡು ಅಡ್ಡಗಲ್ಲಿನ ಹತ್ತಿರ ನಿಂತಿದ್ದಳು. ಅವಳೂ ಆ ನಾಯಿಯನ್ನು ನೋಡಲಿಲ್ಲ.

ನಾನು ಬಗ್ಗಿ ನೋಡಿದೆ. ಹತ್ತಿರದ ಒಂದೆರಡು ನಾಯಿಗಳ ಕಿವಿಯ ಸಂದಿಯಲ್ಲಿ ಒಣಗಿದ ಪಾಚಿ ಇತ್ತು. ಮನೆಯೊಳಗೆ ಇಟ್ಟ ಬೊಂಬೆಗೆ ಪಾಚಿ ಬರುವುದಿಲ್ಲ.

"ಇವು ಎಲ್ಲಿಂದ ಬಂದವು?"

ಫಾದರಿನ ನಗು ಒಂದು ಗಳಿಗೆ ನಿಂತಿತು. "ಒಬ್ಬರು ಕೊಟ್ಟರು. ಹೆಸರು ಹೇಳಬೇಡಿ ಅಂತ ಕೇಳಿಕೊಂಡಿದ್ದಾರೆ ಮೇಡಂ."

ಇದಕ್ಕಿಂತ ಕೆಟ್ಟ ಉತ್ತರ ಅವರು ಕೊಡಲು ಸಾಧ್ಯವಿರಲಿಲ್ಲ. ನಾನು ಮತ್ತೆ ಬಗ್ಗಿದೆ. ಈ ಸಲ ನಾಯಿಗಳನ್ನಲ್ಲ, ಕೆಳಗೆ ಹಾಸಿದ್ದ ಗೋಣಿಯನ್ನು ನೋಡಿದೆ. ಒಂದು ನಾಯಿಯ ಹೊಟ್ಟೆಯ ಕೆಳಗೆ ಗೋಣಿಗೆ ಅಚ್ಚೊತ್ತಿದ ನೀಲಿ ಬಣ್ಣದ ಒಂದು ಉಂಗುರ, ಉಂಗುರದೊಳಗೆ ಬಾಣ. ಉಂಗುರ ಕೆಳಗಡೆ ಕೂಡಿರಲಿಲ್ಲ. ಅದು ಕೂಡಿಕೊಳ್ಳದೆ ಇರುವುದು ಏಕೆಂದರೆ, ನಮ್ಮಪ್ಪ ಸೀಮೆಎಣ್ಣೆ ಡಬ್ಬದ ತಗಡಿನಲ್ಲಿ ಆ ಅಚ್ಚನ್ನು ಕತ್ತರಿಸುವಾಗ ಕತ್ತರಿ ಜಾರಿತ್ತು. ನಮ್ಮ ಮನೆಯ ಕಾಫಿ ಚೀಲಗಳ ಮೇಲೆ ಇವತ್ತಿಗೂ ಅದೇ ಅಚ್ಚು. ಈಗ ಆ ಅಚ್ಚು, ಆ ಚೀಲ, ಆ ತೋಟ ಎಲ್ಲವೂ ನನ್ನ ಅಣ್ಣನ ಕೈಯಲ್ಲಿದೆ. ದೇವರಕಾಡಿನ ಕಮಿಟಿಯಲ್ಲೂ ಅಣ್ಣ ಇದ್ದಾನೆ.

ಚಹಾ ಕುಡಿಯದೆ ಹೊರಟೆ. ಗೆಳತಿ ಹಿಂದೆಯೇ ಬಂದಳು, ಏನಾಯಿತು ಎಂದು ಕೇಳಿದಳು, ನಾನು ಹೇಳಲಿಲ್ಲ. ಅಣ್ಣ ದೇವರ ನಾಯಿಗಳನ್ನು ಚೀಲದಲ್ಲಿ ತುಂಬಿಸಿ ಚರ್ಚಿಗೆ ಕೊಟ್ಟ ಎಂದು ನನ್ನ ಬಾಯಿಂದ ಹೇಗೆ ಹೇಳಲಿ? ಅವನು ಇದಕ್ಕೆ ಏನು ಪಡೆದ? ಯಾರು ಇವನನ್ನು ಒಲಿಸಿಕೊಂಡರು? ಆ ಫಾದರಿನ ನಗು, ಬಿಟ್ಟಿ ಚಹಾ, ತಾರೀಖು ಇಲ್ಲದ ವಸ್ತುಗಳು, ಎಲ್ಲ ಒಂದಕ್ಕೊಂದು ಸೇರಿಕೊಂಡು ನನ್ನ ತಲೆಯಲ್ಲಿ ದೊಡ್ಡದೊಂದು ಫೈಲೇ ತಯಾರಾಯಿತು.

ಮಾರನೇ ದಿನ ಆಟೋ ಮಾಡಿಕೊಂಡು ಊರಿಗೆ ಹೋದೆ. ಮನೆಗೆ ಹೋಗುವ ಮೊದಲು ದೇವರಕಾಡಿನ ದಾರಿಯಲ್ಲಿ ಇಳಿದೆ. ಅಡ್ಡಗಲ್ಲಿನ ಹತ್ತಿರ ನಿಂತು ಕತ್ತು ಉದ್ದ ಮಾಡಿ ನೋಡಿದೆ. ಮರಗಳು, ಮರಗಳ ನಡುವೆ ತಿರುಗಿ ಮರೆಯಾಗುವ ದಾರಿ, ಅಷ್ಟೇ. ಜಿಲ್ಲೆಯ ದೊಡ್ಡ ದೊಡ್ಡ ಎಸ್ಟೇಟುಗಳ ಸರ್ವೆ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಇದು ಒತ್ತುವರಿ, ಇದು ಅಲ್ಲ ಎಂದು ಬೆರಳಿಟ್ಟು ತೋರಿಸಿದವಳು ನಾನು. ಇಲ್ಲಿ ಒಂದು ಕೂಗಿನ ದೂರದಲ್ಲಿ ನಾಯಿಗಳು ಇವೆಯೋ ಇಲ್ಲವೋ ನೋಡಲು ನನಗೆ ಆಗಲಿಲ್ಲ. ಕಲ್ಲು ದಾಟುವ ಧೈರ್ಯವೂ ಬರಲಿಲ್ಲ, ದಾಟದೆ ಇರುವ ನೆಮ್ಮದಿಯೂ ಇರಲಿಲ್ಲ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಒಳಗಿನಿಂದ ಗಾಳಿಯಲ್ಲಿ ಹಸಿ ಸಿಮೆಂಟಿನ ವಾಸನೆ ಬಂದ ಹಾಗಾಯಿತು. ಕಾಡಿನಲ್ಲಿ ಸಿಮೆಂಟು ಎಲ್ಲಿಂದ ಬರಬೇಕು ಎಂದು ಅದನ್ನೂ ಫೈಲಿಗೆ ಸೇರಿಸಿದೆ.

ಅಣ್ಣ ಕಣದಲ್ಲಿ ಒಣಹಾಕಿದ ಕಾಫಿಯನ್ನು ಹಲಗೆಯಿಂದ ಕೆದಕುತ್ತಿದ್ದ. ಅವ್ವ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಬಿಸಿಲು ಕಾಯುತ್ತಿದ್ದಳು. ಎಂಬತ್ತು ದಾಟಿದ ಅವ್ವನಿಗೆ ಕಣ್ಣು ಮಂಜಾಗಿದೆ, ಕಿವಿ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ಅದನ್ನು ನಾನು ಮರೆತಿದ್ದೆ. ಅಣ್ಣನ ಹತ್ತಿರ ಹೋಗಿ, ಉಂಟು ಎನ್ನುವುದನ್ನು ಉಟ್ಟು ಎನ್ನುವ ನಮ್ಮ ಮನೆಮಾತು ಅರೆಭಾಷೆಯಲ್ಲಿ ತಣ್ಣಗೆ ಕೇಳಿದೆ.

"ದೇವರಕಾಡ್‌ಲಿ ಈಗ ನಾಯಿ ಎಷ್ಟ್ ಉಟ್ಟು?"

ಅಣ್ಣನ ಕೈಯಲ್ಲಿದ್ದ ಹಲಗೆ ನಿಂತಿತು. "ಅದ್ನೆಲ್ಲ ಯಾರ್ ಎಣ್ಸಿಕೆ ಹೋದು?"

"ಚರ್ಚಿನವು ಎಣ್ಸಿ ಕೂರ್ಸಿಯೊಳೊ. ನಮ್ಮ ಗೋಣಿ ಮೇಲೆ."

ಅವನು ನನ್ನ ಮುಖ ನೋಡಲಿಲ್ಲ. ಕಾಫಿಯನ್ನು ಮತ್ತೆ ಕೆದಕತೊಡಗಿದ. ಕೆದಕಿದ ಜಾಗವನ್ನೇ ಕೆದಕಿದ. ಅಷ್ಟರಲ್ಲಿ ಜಗಲಿಯಿಂದ ಅವ್ವನ ದನಿ ಬಂತು.

"ಎಂಥ ನಾಯಿ ಸುದ್ದಿ ಅದ್ ಗೂಡೆ?" ಗೂಡೆ ಎಂದರೆ ನಮ್ಮ ಮಾತಿನಲ್ಲಿ ಹುಡುಗಿ. ನಿವೃತ್ತಿಯಾದ ಮೇಲೂ ಅವ್ವನಿಗೆ ನಾನು ಗೂಡೆಯೇ.

ಏನೂ ಇಲ್ಲ ಎಂದೆ. ಏನೂ ಇಲ್ಲ ಎಂದರೆ ಸುಮ್ಮನಾಗುವವಳಾಗಿದ್ದರೆ ಅವಳು ನನ್ನ ಅವ್ವ ಆಗುತ್ತಿರಲಿಲ್ಲ. ನನ್ನ ಅನುಮಾನದ ಗುಣ ಬೇರೆ ಯಾವ ಕಡೆಯಿಂದ ಬಂತು? ಮುಚ್ಚಿಡಲು ಹೋಗಿ ಅರ್ಧ ಹೇಳಿದೆ, ಅರ್ಧಕ್ಕೆ ಅವಳು ಪ್ರಶ್ನೆ ಕೇಳಿದಳು, ಉಳಿದದ್ದೂ ಹೊರಗೆ ಬಂತು. ಗೋಣಿಯ ಗುರುತನ್ನು ಮಾತ್ರ ನುಂಗಿಕೊಂಡೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ದೇವರಿಗೆ ಕೊಟ್ಟದ್ ತಿರ್ಗಿ ಹೊರಗೆ ಬಂದರೆ ಹರಕೆ ಮುರ್ದ ಹಾಂಗೆ. ನಿನ್ನ ಜೀವಕ್ಕೆ ಕೊಟ್ಟ ನಾಯಿ ಅದ್."

"ನಂಗೆ ಎಂಥ ಆತ್ ಅವ್ವ? ಚೆನ್ನಾಗೇ ಒಳೆ."

"ಇನ್ನ್ ಆದ್ರೆ?"

ಆ ದಿನ ಅವಳು ಮಧ್ಯಾಹ್ನ ಊಟ ಮಾಡಲಿಲ್ಲ. ನನ್ನನ್ನು ಹತ್ತಿರ ಕರೆದು ನನ್ನ ಕೈ, ಮೊಣಕೈ, ಕೆನ್ನೆ ಎಲ್ಲ ಮುಟ್ಟಿ ನೋಡಿದಳು. ಜ್ವರ ಉಂಟೋ ಎಂದು ಕೇಳಿದಳು. ನಾನು ಮನೆಯಿಂದ ತೋಟದ ಕಡೆ ಒಬ್ಬಳೇ ಹೊರಟರೆ ಕೂಗಿ ನಿಲ್ಲಿಸಿದಳು. ಈ ವಯಸ್ಸಿನಲ್ಲಿ ನನ್ನ ಅವ್ವ ನನ್ನನ್ನು ಮತ್ತೊಮ್ಮೆ ಕಳೆದುಕೊಳ್ಳಲು ಶುರು ಮಾಡಿದ್ದಳು, ಅದಕ್ಕೆ ಕಾರಣ ಅಣ್ಣ ಎಂದು ನನಗೆ ಅವನ ಮೇಲೆ ಬೆಂಕಿಯಂಥ ಸಿಟ್ಟು. ನಾನು ಬಾಯಿ ಬಿಟ್ಟದ್ದೂ ಒಂದು ಕಾರಣ ಎನ್ನುವುದನ್ನು ಆಗ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಸಂಜೆ ಹೊರಡುವಾಗ ಅವ್ವ ಹೇಳಿದಳು. "ನಾಳೆ ನನ್ನ ಅಲ್ಲಿಗೆ ಕರ್ಕಂಡ್ ಹೋಗ್. ನನ್ನ ನಾಯಿ ಅಲ್ಲಿ ಉಟ್ಟೋ ಇಲ್ಲೆಯೋ ನಾ ನೋಡೊಕು."

ಅಣ್ಣ ನನ್ನ ಹಿಂದೆ ಗೇಟಿನವರೆಗೆ ಬಂದ. "ಅವ್ವನ ಕರ್ಕಂಡ್ ಹೋಗದ್ ಬೊತ್ತು," ಎಂದ. ಬೇಡ ಎನ್ನುವುದನ್ನು ಅವನು ಬೇಡಿಕೊಳ್ಳುವವನ ಹಾಗೆ ಹೇಳಿದ.

"ಯಾಕೆ ಬೊತ್ತು?"

ಅವನು ಗೇಟಿನ ಚಿಲಕವನ್ನು ತೆಗೆದು ಹಾಕಿ ಮಾಡುತ್ತಾ ನಿಂತ. ಅಲ್ಲಿಗೆ ನನಗೆ ಉಳಿದಿದ್ದ ಒಂದಿಷ್ಟು ಸಂಶಯವೂ ಹೋಗಿ ಖಾತ್ರಿಯಾಯಿತು. ಇವನೇ ಕದ್ದಿದ್ದಾನೆ. ಕಮಿಟಿಯವರಿಗೆ ಗೊತ್ತಾದರೆ ಊರಿನಲ್ಲಿ ಇವನು ತಲೆಯೆತ್ತಿ ನಡೆಯುವ ಹಾಗಿಲ್ಲ, ಅದಕ್ಕೇ ಹೆದರುತ್ತಿದ್ದಾನೆ ಎಂದುಕೊಂಡೆ. ಹೆದರಲಿ ಎಂದೂ ಅಂದುಕೊಂಡೆ.

ಮರುದಿನ ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಅವ್ವ ದೇವಸ್ಥಾನಕ್ಕೆ ಹೋಗುವ ಸೀರೆ ಉಟ್ಟಿದ್ದಳು. ಚರ್ಚಿಗೆ ಬರುವುದು ಅವಳಿಗೆ ಅದೇ ಮೊದಲು. ಗೆಳತಿ ಬಾಗಿಲಲ್ಲಿ ಕಾಯುತ್ತಿದ್ದಳು. ನಾವು ಇಳಿಯುವಷ್ಟರಲ್ಲಿ ಅಣ್ಣನ ಸ್ಕೂಟರ್ ಹಿಂದೆಯೇ ಬಂದು ನಿಂತಿತು. ಕರೆದುಕೊಂಡು ಹೋಗಬೇಡ ಅಂದವನೇ ಬಂದಿದ್ದಾನೆ ಎಂದು ನಾನು ಅವನನ್ನು ಕಣ್ಣಲ್ಲೇ ಸುಟ್ಟೆ.

ಅವ್ವ ಒಳಗೆ ಬರುವ ಮೊದಲು ಚಪ್ಪಲಿ ಬಿಟ್ಟಳು. ಬೇಡ ಅಮ್ಮ, ಹಾಕಿಕೊಂಡೇ ಬನ್ನಿ ಎಂದು ಫಾದರ್ ಹೇಳಿದರು, ಅವಳು ಕೇಳಲಿಲ್ಲ. ಮರದ ಸಂತನ ಮುಂದೆ ನಿಂತು ಬೆರಳಿಲ್ಲದ ಕೈಯನ್ನು ನೋಡಿ "ಪಾಪ" ಎಂದಳು. ಪಿಕ್ಕಿಂಗಿನ ಹೆಂಗಸಿನ ಚಿತ್ರದ ಹತ್ತಿರ, ಹತ್ತಿರ ಎಂದರೆ ಮೂಗು ತಾಗುವಷ್ಟು ಹತ್ತಿರ, ಹೋಗಿ ನೋಡಿ, ಈ ಹೆಂಗಸಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬೈಯುತ್ತಾನೆ, ಕೂತಿದ್ದಕ್ಕೆ, ಎಂದಳು. ಫಾದರ್ ನಕ್ಕರು. ಆ ದಿನ ಅವರ ನಗು ನನಗೆ ಅಷ್ಟು ಕೆಟ್ಟದ್ದೆನಿಸಲಿಲ್ಲ, ಆದರೂ ನಾನು ನಗಲಿಲ್ಲ.

ಕೊನೆಯ ಕೋಣೆಗೆ ಕಾಲಿಟ್ಟ ಮೇಲೆ ಅವ್ವನಿಗಾಗಿ ಗೆಳತಿ ಕುರ್ಚಿ ತರಲು ಹೋದಳು. ನಾನು ಅಣ್ಣನ ಕಡೆ ತಿರುಗಿದೆ. ಎಲ್ಲರ ಮುಂದೆ, ಅವ್ವನ ಮುಂದೆ, ಗೋಣಿಯ ನೀಲಿ ಉಂಗುರಕ್ಕೆ ಬೆರಳು ತೋರಿಸಿದೆ.

"ಈಗ ಹೇಳ್."

ಅಣ್ಣ ಗೋಡೆಗೆ ಒರಗಿ ನಿಂತ. ಅವನು ಮಾತಾಡಿದ್ದು ನನ್ನ ಜೊತೆಗಲ್ಲ, ಅವ್ವನ ಜೊತೆ.

"ಮಳೆಗಾಲಲಿ ದೇವರಕಾಡ್‌ಲಿ ಮರ ಬಿದ್ದತ್ ಅವ್ವ. ದೇವರ ಕಟ್ಟೆ ಒಡ್ದತ್. ಹೊಸ ಕಟ್ಟೆ ಕಟ್ಟಿ ಸುತ್ತ ಸಿಮೆಂಟ್ ಹಾಕೊಕುಂತ ಕಮಿಟಿಲಿ ತೀರ್ಮಾನ ಆತ್. ನಾ ಒಬ್ಬ ಬೊತ್ತುಂತ ಹೇಳ್ದೆ, ಯಾರೂ ಕೇಳ್ತ್‌ಲೆ. ಹಳೆ ನಾಯಿಗಳ್ನ ಬುಟ್ಟಿಲಿ ತುಂಬ್ಸಿ ದಾರಿ ಗುಂಡಿಗೆ ಹಾಕಿಕೆ ಹೊರಟೊ. ಟ್ರ್ಯಾಕ್ಟರ್ ಹೋಗಿಕೆ ದಾರಿ ಆಗೊಕಲ್ಲ. ಎಷ್ಟೋ ಹಾಕಿ ಆಗಿತ್ತ್. ಉಳ್ದದ್ನ ನಾ ಗೋಣಿಗೆ ತುಂಬ್ಸಿದೆ."

"ಮನೆಗೆ ಯಾಕೆ ತಂದಿಲೆ?" ಎಂದು ಕೇಳಿದವಳು ನಾನು. ಕೇಳಿದ ಕೂಡಲೇ ಉತ್ತರ ನನಗೇ ಗೊತ್ತಾಯಿತು.

"ಮನೆ ಹೊಸ್ತಿಲು ದಾಟಿಕೆ ಉಟ್ಟಾ? ಬೇರೆ ದೇವಸ್ಥಾನಕ್ಕೆ ಕೊಟ್ಟರೆ ಆ ದೇವರ ಲೆಕ್ಕಕ್ಕೆ ಹೋದು. ತೋಟಲಿ ಇಟ್ಟರೆ ಪಿಕ್ಕಿಂಗಿನವು ತುಳಿವೊ. ಈ ಜಾಗ ಯಾರ ಮನೆನೂ ಅಲ್ಲ, ನಮ್ಮ ದೇವರ ಜಾಗನೂ ಅಲ್ಲ. ನೋಡಿಕೆ ಇಡುವ ಜಾಗ. ಇಲ್ಲಿ ಇಟ್ಟರೆ ಯಾವ ಕಟ್ಟಳೆನೂ ಮುರ್ದ ಹಾಂಗೆ ಆಗದ್‌ಂತ ಫಾದರಿಗೆ ಕೊಟ್ಟೆ. ಕಮಿಟಿಯವುಕೆ ಗೊತ್ತಾದರೆ ದೇವರ ನಾಯಿನ ಚರ್ಚಿಗೆ ಕೊಟ್ಟಂತ ನನ್ನ ಊರಿಂದ ಹೊರಗೆ ಹಾಕುವೊ. ಅದಕ್ಕೆ ಹೆಸ್ರು ಬೊತ್ತುಂತ ಹೇಳ್ದೆ."

ಅಣ್ಣ ಹೀಗೆ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಡ್ಡಗಲ್ಲಿನ ಹತ್ತಿರ ಬಂದ ಸಿಮೆಂಟಿನ ವಾಸನೆ ಸುಳ್ಳಾಗಿರಲಿಲ್ಲ. ನನ್ನ ಫೈಲಿನ ಒಂದೊಂದು ಹಾಳೆಯೂ ಸರಿಯಾಗಿತ್ತು, ಮೇಲೆ ಬರೆದ ಷರಾ ಮಾತ್ರ ತಪ್ಪಾಗಿತ್ತು. ನಾಚಿಕೆಯಾಯಿತು. ನಾಚಿಕೆಯಾದಾಗ ಬೇರೆಯವರ ಮೇಲೆ ತಿರುಗಿಬೀಳುವುದು ನನ್ನ ಇನ್ನೊಂದು ಗುಣ. ಸಿಕ್ಕಿದವರು ಫಾದರ್.

"ಹಾಗಾದರೆ ಇವೆಲ್ಲವೂ ಕಾಡಿನಿಂದ ಬಂದವೇ? ಎಲ್ಲವೂ ಹಳತೇ? ಈಗಲಾದರೂ ಸರಿಯಾಗಿ ಹೇಳಿ."

ಫಾದರ್ ಅವ್ವನ ಕಡೆ ಒಮ್ಮೆ ನೋಡಿದರು. ಅವ್ವ ಆಗ ಗೆಳತಿ ತಂದ ಕುರ್ಚಿಯಲ್ಲಿ ಕೂರುವ ಗಡಿಬಿಡಿಯಲ್ಲಿದ್ದಳು. ಅವರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಒಂದು ಬಿಟ್ಟು ಮೇಡಂ. ಅದೋ ಆ ಕತ್ತೆತ್ತಿ ಕೂತದ್ದು. ಅದನ್ನು ಕಲಾವಿದರೊಬ್ಬರು ಇವನ್ನೆಲ್ಲ ನೋಡಿದ ಮೇಲೆ ಇದೇ ವರ್ಷ ಮಾಡಿ ಕೊಟ್ಟದ್ದು. ಹಳತು ಹೊಸತು ಒಟ್ಟಿಗೆ ಇರಲಿ ಅಂತ."

ಕೊನೆಗೂ ಈ ಮ್ಯೂಸಿಯಮ್ಮಿನಲ್ಲಿ ಒಂದು ವಸ್ತುವಿನ ತಾರೀಖು ನನಗೆ ಸಿಕ್ಕಿತು. ಬೇಜಾರಿನ ನಡುವೆಯೂ ಸಣ್ಣ ಗೆಲುವು ಸಿಕ್ಕಿದ ಹಾಗಾಗಿ ಅವ್ವನ ಕಡೆ ತಿರುಗಿದೆ.

ಅವ್ವ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದಳು. ಮಂಜುಗಣ್ಣಿಗೆ ಕಾಣದ್ದನ್ನು ಬೆರಳಿನಿಂದ ನೋಡುತ್ತಿದ್ದಳು. ಮುಟ್ಟಬಾರದು ಎಂದು ಫಾದರ್ ಹೇಳಲಿಲ್ಲ. ಬಾಲವಿಲ್ಲದ್ದನ್ನು ಸವರಿ ಬಿಟ್ಟಳು. ಮೂತಿ ಮುರಿದದ್ದನ್ನು ಸವರಿ, ಅದು ಯಾರ ಕಷ್ಟದ್ದೋ ಎಂದು ಬಿಟ್ಟಳು. ಒಂದೊಂದನ್ನೂ ಹೀಗೆ ದಾಟಿಕೊಂಡು ಬಂದ ಕೈ ಕತ್ತೆತ್ತಿ ಕೂತ ನಾಯಿಯ ಮೇಲೆ ನಿಂತಿತು. ಅದರ ತಲೆ, ಕಿವಿ, ಮುರಿಯದ ಮೂತಿ, ನೆಟ್ಟಗಿದ್ದ ಬಾಲ ಎಲ್ಲ ಮುಟ್ಟಿದಳು. ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಇದೇ," ಎಂದಳು. "ಚೂರೂ ಒಡ್ದ್‌ತ್‌ಲೆ, ನೋಡ್. ನೀ ಚೆನ್ನಾಗಿ ಒಳೆ ಅಲ್ಲ, ಅದಕ್ಕೆ ಇದ್ ಕೂಡ ಚೆನ್ನಾಗಿ ಉಟ್ಟು."

ಫಾದರ್ ನೆಲ ನೋಡುತ್ತಿದ್ದರು. ಗೆಳತಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಅವಳಿಗೆ ನನ್ನ ಬಾಯಿ ಗೊತ್ತು. ಅಣ್ಣನಿಗೂ ಗೊತ್ತಿತ್ತು ಅದು ಅವನು ತಂದದ್ದಲ್ಲ ಎಂದು, ತುಂಬಿಸಿದವನು ಅವನೇ ಅಲ್ಲವೇ. ಅಪ್ಪ ಬಾಳೆ ಎಲೆಯಲ್ಲಿ ಸುತ್ತಿಕೊಂಡು ಹೋದ ನಾಯಿ ಉಳಿದವುಗಳಲ್ಲಿ ಯಾವುದೋ ಒಂದಾಗಿರಬಹುದು. ಇಲ್ಲವೇ ಟ್ರ್ಯಾಕ್ಟರಿನ ಚಕ್ರದ ಕೆಳಗೆ ಯಾವತ್ತೋ ಪುಡಿಯಾಗಿರಬಹುದು.

ಅವ್ವ ತಲೆ ಎತ್ತಿದಳು. ಅವಳೂ ಅನುಮಾನದವಳೇ, ಒಂದೇ ಸಲಕ್ಕೆ ಒಪ್ಪಿಕೊಳ್ಳುವವಳಲ್ಲ. "ಇವು ಎಲ್ಲ ನಾ ಮುದುಕಿಂತ ಹೂಂ ಹೂಂ ಹೇಳುವೊ," ಎಂದಳು. "ನೀ ಹಾಂಗೆ ಅಲ್ಲ. ನೀ ಯಾರ್ನೂ ನಂಬೊವಳಲ್ಲ. ನೀ ಹೇಳ್ ಗೂಡೆ, ಇದೇ ಹೌದಾ?"

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಕಚೇರಿಯಲ್ಲಿ ಮಾಡುತ್ತಿದ್ದ ಹಾಗೆ ಕನ್ನಡಕ ಸರಿ ಮಾಡಿಕೊಂಡೆ. ನಾಯಿಯನ್ನು ಅವಳ ಮಡಿಲಿನಿಂದ ತೆಗೆದುಕೊಂಡು ತಿರುಗಿಸಿ ಅದರ ಬೆನ್ನು, ಹೊಟ್ಟೆ, ಕಾಲಿನ ಅಡಿ ಎಲ್ಲ ನಿಧಾನವಾಗಿ ನೋಡಿದೆ. ಹೊಟ್ಟೆಯ ಕೆಳಗೆ ಮಣ್ಣು ಹಸಿಯಿದ್ದಾಗ ಮೂಡಿದ ಕಲಾವಿದನ ಹೆಬ್ಬೆರಳಿನ ಗೆರೆಗಳು ಇನ್ನೂ ಹೊಸದಾಗಿಯೇ ಇದ್ದವು. ನೋಡಿ, ತಿರುಗಿ ಅವಳ ಮಡಿಲಲ್ಲಿಟ್ಟೆ.

"ಇದೇ ಅವ್ವ," ಎಂದೆ. "ಅನುಮಾನವೇ ಇಲ್ಲೆ."

ಅಣ್ಣ ಕಿಟಕಿಯ ಕಡೆ ತಿರುಗಿಕೊಂಡ. ಅವ್ವ ನಾಯಿಯನ್ನು ಅಂಗೈಯ ಮೇಲೆ ನಿಲ್ಲಿಸಿ, ತೂಕ ನೋಡುವವಳ ಹಾಗೆ ಒಮ್ಮೆ ಮೇಲೆ ಕೆಳಗೆ ಮಾಡಿದಳು. ಅವಳ ಮುಖದಲ್ಲಿ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು.

"ಇಷ್ಟ್ ಸಣ್ಣದಾ?" ಎಂದಳು. "ನಾ ಇಷ್ಟ್ ವರ್ಷ ದೊಡ್ಡ ನಾಯಿಂತ ತಿಳ್ಕಂಡಿದ್ದೆ. ಇಷ್ಟ್ ಸಣ್ಣ ನಾಯಿಗೆ ದೇವರು ನಿನ್ನ ತಿರ್ಗಿ ಕೊಟ್ಟುಬುಟ್ಟತಲ್ಲ!"